ಯಂತ್ರದ ಮುಂದೆ ಕಸಬರಿಗೆ

ಮೂಡಲಗಿಯ ಜಯಪಾಲರ ಮನೆಗೆ ಇರುವೆಗಳು ಯಾಕೆ ಬರುತ್ತವೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಜಯಪಾಲರದು ಬೆಲ್ಲದ ವ್ಯಾಪಾರ. ಅಂಗಡಿ ಪೇಟೆಯಲ್ಲಿದ್ದರೂ ಮಾದರಿಗೆಂದು ತಂದ ಐದಾರು ಪೆಂಟೆಗಳು, ಎಂದರೆ ಬೆಲ್ಲದ ದೊಡ್ಡ ಉಂಡೆಗಳು, ಮನೆಯ ಪಡಸಾಲೆಯ ಹಲಗೆಗಳ ಮೇಲೆ ಯಾವಾಗಲೂ ಇರುತ್ತಿದ್ದವು. ಕೊಳ್ಳುವವರು ಮನೆಗೇ ಬರುತ್ತಿದ್ದರು. ಚಹ ಕುಡಿಯುತ್ತ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಎರಡು ಚೂರು ನೆಲಕ್ಕೆ ಬೀಳಿಸಿ, ದರ ಮುಗಿಸಿ ಹೋಗುತ್ತಿದ್ದರು. ಅವರು ಹೋದ ಹಿಂದೆಯೇ ಇರುವೆಯ ಸಾಲು ಹಾಜರ್. ಬೆಲ್ಲದಿಂದ ಹೊಟ್ಟೆ ಹೊರೆಯುವವರು ಇರುವೆಯನ್ನು ಬೈಯಬಾರದು ಎಂಬುದು ಆ ಮನೆಯ ಯಜಮಾನಿ ರಾಜಮತಿಯ ನ್ಯಾಯ.

ಬೈಯಬಾರದು ಅಷ್ಟೇ ಅಲ್ಲ, ಕೊಲ್ಲಲೂಬಾರದು. ಜೈನರ ಮನೆ. ಹೀಗಾಗಿ ಅಲ್ಲಿ ಕಸ ಹೊಡೆಯುವುದಕ್ಕೇ ಒಂದು ಕ್ರಮವಿತ್ತು. ಸೂರ್ಯ ಹುಟ್ಟಿ ನೆಲ ಸ್ಪಷ್ಟವಾಗಿ ಕಾಣುವ ತನಕ ಕಸಬರಿಗೆ ಮುಟ್ಟುವಂತಿಲ್ಲ. ಮೊದಲು ಹಿತ್ತಲ ಬೇವಿನ ಗಿಡದ ಬುಡಕ್ಕೆ ಒಂದು ಚಿಟಿಕೆ ಬೆಲ್ಲ, ಒಂದು ಚಿಟಿಕೆ ಹಿಟ್ಟು ಹಾಕಬೇಕು. ಅರ್ಧ ತಾಸು ಬಿಟ್ಟರೆ ಬಹಳಷ್ಟು ಇರುವೆಗಳು ಅತ್ತ ಹೊರಟುಹೋಗುತ್ತವೆ. ಉಳಿದವನ್ನು ಮೆತ್ತನೆಯ ಹುಲ್ಲಿನ ಕಸಬರಿಗೆಯ ತುದಿಯಿಂದ, ಮಲಗಿದ ಕೂಸಿನ ಮುಖದ ಮೇಲಿನ ನೊಣ ಓಡಿಸಿದ ಹಾಗೆ, ಗೋಡೆಯ ಕಡೆ ಸರಿಸಬೇಕು. ಆಮೇಲೆ ಕಸ. ಉದ್ದ ಹಿಡಿಕೆಯದನ್ನು ಹಿಡಿದು ನಿಂತು ಹೊಡೆದರೆ ಇರುವೆ ಕಾಣುವುದಿಲ್ಲ, ಆದ್ದರಿಂದ ಬಾಗಿಯೇ ಹೊಡೆಯಬೇಕು. ಐದು ಕೋಣೆ, ಒಂದು ಪಡಸಾಲೆ, ಒಂದೂವರೆ ತಾಸು. ಹಿಂದೊಮ್ಮೆ ಕೆಲಸಕ್ಕೆ ಇಟ್ಟುಕೊಂಡಿದ್ದ ಹೆಂಗಸು, "ನಿಮ್ಮ ಮನ್ಯಾಗ ಕಸಾ ಹೊಡಿಯೂದಲ್ರಿ, ಇರುವಿ ಕಾಯೂದು" ಎಂದು ಹೇಳಿ ನಾಲ್ಕನೆಯ ದಿನಕ್ಕೆ ಬಿಟ್ಟುಹೋಗಿದ್ದಳು.

ಈ ಒಂದೂವರೆ ತಾಸಿನಲ್ಲಿ ಜಯಪಾಲರ ಪಾಲಿನ ಕೆಲಸ ಒಂದೇ. ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತವರು, ಕಸಬರಿಗೆ ಹತ್ತಿರ ಬಂದಾಗ ಕಣ್ಣನ್ನು ಪೇಪರಿನಿಂದ ತೆಗೆಯದೆ ಎರಡೂ ಕಾಲು ಮೇಲೆತ್ತುತ್ತಿದ್ದರು. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಈ ಕೆಲಸವನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ಎರಡು ವರ್ಷದ ಹಿಂದೆ ಮಗ ಅರಿಹಂತನ ಹೆಂಡತಿಯಾಗಿ ಘೋಡಗೇರಿಯಿಂದ ದೀಪಾಲಿ ಬಂದಳು. ಊರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಹುಡುಗಿ. ರಾಜಮತಿ ಮೂರು ತಿಂಗಳು ಬಾಜೂಕ್ಕೆ ನಿಂತು ಕಲಿಸಿ, ಕಸಬರಿಗೆಯನ್ನು ಅವಳ ಕೈಗೆ ಕೊಟ್ಟಳು. ಕೊಟ್ಟ ದಿನ ಮಧ್ಯಾಹ್ನ ಒಂದು ತಾಸು ನಿದ್ದೆ ಮಾಡಿದಳು. ಆ ಮನೆಗೆ ಬಂದಾಗಿನಿಂದ ಹಗಲು ನಿದ್ದೆ ಅಂದರೆ ಅದೇ ಮೊದಲನೆಯದು.

ಈ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ಹುಕ್ಕೇರಿಯಿಂದ ಸಿದ್ರಾಯನೆಂಬ ವ್ಯಾಪಾರಿ ಬಂದಿದ್ದ. ಜಯಪಾಲರು ಕೂತಲ್ಲಿಂದಲೇ, "ದೀಪಾ, ಕೆಳಗಿನ ಹಲಗಿ ಮ್ಯಾಲಿಂದು ದೊಡ್ಡ ಪೆಂಟಿ ತೋರಸವಾ" ಅಂದರು. ಹತ್ತು ಕಿಲೋದ ಪೆಂಟೆ. ಬಾಗಿ ಎತ್ತಿದ ದೀಪಾಲಿ ನೆಟ್ಟಗೆ ಏಳಲೇ ಇಲ್ಲ. ಪೆಂಟೆ ಬಿದ್ದು ಎರಡು ಹೋಳಾಯಿತು, ಅವಳು ಹಲಗೆ ಹಿಡಿದುಕೊಂಡು ಅಲ್ಲೇ ಕುಸಿದಳು. ಗೋಕಾಕದ ಡಾಕ್ಟರು ಹತ್ತು ದಿನ ಮಲಗಿಸಿದರು. ಆಮೇಲೆ ನಿಂತು ಅಡಿಗೆ ಮಾಡಬಹುದು, ಶಾಲೆಗೂ ಹೋಗಬಹುದು, ಆದರೆ ಮೂರು ತಿಂಗಳು ಬಾಗಕೂಡದು ಎಂದು ಹೇಳಿದರು.

ಕಸಬರಿಗೆ ಮತ್ತೆ ರಾಜಮತಿಯ ಕೈಗೆ ಬಂತು.

ಆ ಮನೆಯಲ್ಲಿ ಸಂಜೆಯ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು. ಮಳೆಗಾಲದ ಮೋಡದಲ್ಲಿ ಹೊತ್ತು ಯಾವಾಗ ಮುಳುಗೀತೆಂದು ತಿಳಿಯದೆ ಎಲ್ಲರೂ ಅವಸರದಲ್ಲಿ ಉಣ್ಣುತ್ತಿದ್ದರು. ಅಂಥ ಒಂದು ಅವಸರದಲ್ಲೇ ಅರಿಹಂತ ಮಾತು ತೆಗೆದ.

"ಒಂದು ಮಷೀನ್ ಬಂದೈತಿ. ರೋಬೋಟ್. ತಾನ ಮನಿ ತುಂಬ ಅಡ್ಡಾಡಿ ಕಸಾ ಎಳಕೋತೈತಿ. ಯಾರೂ ಬಾಗೂದು ಬ್ಯಾಡ."

"ಎಷ್ಟಂತ ಅದಕ್ಕ?" ಎಂದರು ಜಯಪಾಲರು.

"ಚೊಲೋದು ಬೇಕಂದ್ರ ಇಪ್ಪತ್ತು ಸಾವಿರ."

"ನೂರು ರೂಪಾಯಿ ಕಸಬರಗಿ ಮಾಡೂ ಕೆಲಸಕ್ಕ ಇಪ್ಪತ್ತು ಸಾವಿರ?"

ದೀಪಾಲಿ ನಿಂತೇ ರೊಟ್ಟಿ ಬಡಿಸುತ್ತಿದ್ದಳು. ಕುಳಿತರೆ ಏಳುವುದು ಕಷ್ಟವಾಗುತ್ತಿತ್ತು. "ಕಸಬರಗಿ ತಾನ ಕೆಲಸ ಮಾಡಂಗಿಲ್ಲಲ್ರಿ ಮಾವಾರ. ಹಿಡದವರು ಮಾಡ್ತಾರ" ಅಂದಳು. "ನನ್ನ ಪಗಾರದಾಗ ತಗೋತೇನಿ ಬೇಕಾದ್ರ."

ಜಯಪಾಲರು ಮಜ್ಜಿಗೆಯ ಬಟ್ಟಲಲ್ಲಿ ಮುಖ ಹುದುಗಿಸಿದರು. ಆ ಪೆಂಟೆ ಎತ್ತಿಸಿದವರು ತಾವೇ ಎಂಬುದು ಅವರಿಗೆ ಮರೆತಿರಲಿಲ್ಲ.

"ಅದಕ್ಕ ಕಣ್ಣು ಅದಾವೇನು?" ರಾಜಮತಿ ಕೇಳಿದಳು.

"ಗ್ವಾಡಿ ಗೊತ್ತಾಗ್ತೈತಿ ಅವ್ವಾ. ಕುರ್ಚಿ, ಟೇಬಲ್ ಎಲ್ಲಾ ಗೊತ್ತಾಗ್ತೈತಿ."

"ಇರುವಿ?"

ಅರಿಹಂತನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. ಯಂತ್ರದ ಮಾತು ಅಲ್ಲಿಗೇ ಮುಗಿಯಿತು.

ರಾಜಮತಿ ಗೆದ್ದಳು. ಆದರೆ ಗೆದ್ದ ಖುಷಿ ಅವಳಿಗೆ ಆಗಲಿಲ್ಲ. ಸೊಸೆಯ ಬೆನ್ನು ನೊಂದು ಹದಿನೈದು ದಿನ ಆಗಿಲ್ಲ, ಮನೆಗೆ ಯಂತ್ರದ ಮಾತು ಬಂದಿದೆ. ತನ್ನ ಬೆನ್ನು ನೊಂದು ಇಪ್ಪತ್ತೇಳು ವರ್ಷವಾಯಿತು. ಅರಿಹಂತ ಎಂಟು ತಿಂಗಳ ಕೂಸಾಗಿದ್ದಾಗ, ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಬಿದ್ದಿದ್ದಳು. ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಅತ್ತೆ ಬಂದು, "ಅಡ್ಡಾಡಿದ್ರ ಹೋಗ್ತೈತಿ ಏಳವಾ" ಎಂದು ಕಸಬರಿಗೆಯನ್ನು ಕೈಗಿತ್ತರು. ಅಂದು ಪಡಸಾಲೆಯಲ್ಲಿ ಅವಳು ಹಲ್ಲು ಕಚ್ಚಿಕೊಂಡು ಕುರ್ಚಿಯ ತನಕ ಬಂದಾಗ, ಜಯಪಾಲರು ಕಾಲು ಎತ್ತಿದರು. ನಿಜ ಹೇಳಬೇಕೆಂದರೆ ಈಗ ಅವಳ ಎದೆಯಲ್ಲಿ ಕುದಿಯುತ್ತಿದ್ದದ್ದು ಇದು. ಆದರೆ ಇದನ್ನು ಹೇಗೆ ಹೇಳುವುದು, ಯಾರಿಗೆ ಹೇಳುವುದು? ಇರುವೆಯ ಮಾತು ಹೇಳುವುದು ಸುಲಭವಿತ್ತು, ಅದರಲ್ಲಿ ಮರ್ಯಾದೆಯೂ ಇತ್ತು.

ಅರಿಹಂತ ಅಷ್ಟಕ್ಕೆ ಬಿಡುವವನಲ್ಲ. ಯಮಕನಮರಡಿಯಲ್ಲಿ ಅವನ ಗೆಳೆಯ ಶುಭಮ್ ಇಂಥದೇ ಒಂದು ಯಂತ್ರ ಕೊಂಡು, ಅದರ ಸಪ್ಪಳಕ್ಕೆ ಮನೆಯ ಅಜ್ಜಿ ಹೆದರುತ್ತಾಳೆಂದು ಕಟ್ಟಿಟ್ಟಿದ್ದ. "ಒಂದು ತಿಂಗಳು ಇಟ್ಟ ನೋಡು. ಹಿಡಿಸಿದ್ರ ಅರ್ಧಾ ರೊಕ್ಕಕ್ಕ ತಗೋ, ಇಲ್ಲಾಂದ್ರ ವಾಪಸ್ ತಂದ ಕೊಡು" ಅಂದ. ಭಾನುವಾರ ಬೆಳಿಗ್ಗೆ ಅರಿಹಂತ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ.

ಕರಿಯ, ದುಂಡಗಿನ, ರೊಟ್ಟಿ ಬುಟ್ಟಿಯ ಮುಚ್ಚಳದಷ್ಟು ದೊಡ್ಡ ವಸ್ತು. ಗುಂಡಿ ಒತ್ತಿದ ಕೂಡಲೇ ಸಣ್ಣಗೆ ಗುಂಯ್ ಎನ್ನುತ್ತ ಹೊರಟಿತು. ಜಯಪಾಲರು ಪೇಪರ್ ಮಡಿಚಿ ನೋಡಿದರು. ಅದು ಕುರ್ಚಿಯ ಹತ್ತಿರ ಬಂದಾಗ ರೂಢಿಯಂತೆ ಕಾಲೆತ್ತಿದರು. ದೀಪಾಲಿ ಬಾಗಿಲಿಗೆ ಆತು ನಿಂತಿದ್ದಳು. ಬೆನ್ನು ನೊಂದ ಮೇಲೆ ಅವಳ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಯಂತ್ರ ಗೋಡೆಗೆ ತಾಗಿ, ತಿರುಗಿ, ಬೆಲ್ಲದ ಹಲಗೆಯ ಕೆಳಗೆ ನುಗ್ಗಿತು.

"ಏ, ಅಲ್ಲಿ ಬ್ಯಾಡ! ನಿಲ್ಲಸು, ನಿಲ್ಲಸೋ!" ರಾಜಮತಿ ಕೂಗಿದಳು.

ಅರಿಹಂತ ಮೊಬೈಲಿನಲ್ಲಿ ಗುಂಡಿ ಹುಡುಕುವುದರೊಳಗೆ ಯಂತ್ರ ಹಲಗೆಯ ಕೆಳಗಿಂದ ಹೊರಬಂದಿತ್ತು. ನೆಲ ಥಳಥಳ ಹೊಳೆಯುತ್ತಿತ್ತು. ಅಲ್ಲಿದ್ದ ಇರುವೆಯ ಸಾಲು ಇರಲಿಲ್ಲ.

ರಾಜಮತಿ ಯಂತ್ರದ ಹೊಟ್ಟೆಯೊಳಗಿನ ಕಸದ ಡಬ್ಬಿಯನ್ನು ತೆಗೆಸಿ ಹಿತ್ತಲಿಗೆ ಒಯ್ದಳು. ಬೇವಿನ ಬುಡದಲ್ಲಿ ಕೂತು, ಧೂಳು ಕೂದಲಿನ ನಡುವಿನಿಂದ ಜೀವ ಇದ್ದವನ್ನು ಒಂದೊಂದಾಗಿ ಹುಲ್ಲುಕಡ್ಡಿಯ ಮೇಲೆ ಹತ್ತಿಸಿಕೊಂಡು ಬಿಟ್ಟಳು. ಜೀವ ಇಲ್ಲದವು ಹೆಚ್ಚು ಇದ್ದವು. ಒಳಗೆ ಬಂದು, "ಇವತ್ತು ನನಗ ಉಪಾಸ" ಅಂದಳು.

ಮಧ್ಯಾಹ್ನ ಅವಳ ತಾಟು ಖಾಲಿಯೇ ಇತ್ತು. ಜಯಪಾಲರು ಎರಡು ಸಲ ಕರೆದು ಸುಮ್ಮನಾದರು. ದೀಪಾಲಿ ಮಾತ್ರ ಅಡಿಗೆಮನೆಯಿಂದ ಬಂದು ಅತ್ತೆಯ ಮುಂದೆ ನಿಂತಳು.

"ಅತ್ತಿ, ಇರುವಿ ಸತ್ತೂ ಅಂತ ಉಪಾಸ ಕುಂತೀರಿ. ನಾ ಹತ್ತು ದಿನ ಹಾಸಿಗಿ ಮ್ಯಾಲ ಮಗ್ಗಲಾ ಹೊಳ್ಳಾಕ ಆಗದ ಒದ್ದಾಡಿದ್ನೆಲ್ರಿ. ಆವಾಗ ಒಂದ ಹೊತ್ತರ ಊಟಾ ಬಿಟ್ಟಿದ್ರೇನ್ರಿ?"

"ದೀಪಾ!" ಎಂದ ಅರಿಹಂತ.

"ಆ ಹತ್ತು ದಿನ ನಿನಗ ಬಿಸಿ ರೊಟ್ಟಿ ಮಾಡಿ ಹಾಕಿದವರು ಯಾರು?" ರಾಜಮತಿ ಕೇಳಿದಳು.

"ನೀವ ಹಾಕೀರಿ. ಇಲ್ಲ ಅನ್ನಂಗಿಲ್ಲ. ಆದ್ರ ನಾನೂ ಒಂದು ಜೀವ ಅದೇನಿ ಅನ್ನೂದು ನಿಮಗ ನೆನಪೈತೋ ಇಲ್ಲೋ, ಅಷ್ಟ ಕೇಳಾಕತ್ತೇನಿ."

ನಾನೂ ಒಂದು ಜೀವ! ಈ ಮಾತನ್ನು ರಾಜಮತಿ ಇಪ್ಪತ್ತೇಳು ವರ್ಷದ ಹಿಂದೆ ತನ್ನ ಅತ್ತೆಗೆ ಹೇಳಬೇಕಾಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಈಗ ತನ್ನದೇ ಮಾತು ಇನ್ನೊಬ್ಬಳ ಬಾಯಿಂದ ಬಂದು ತನಗೇ ಬಡಿದಾಗ ಅವಳಿಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. "ನಿನಗ ತಿಳಿಯಂಗಿಲ್ಲ ಹೋಗು" ಎಂದು ಗೋಡೆಯ ಕಡೆ ತಿರುಗಿದಳು.

ಎರಡು ದಿನ ಅತ್ತೆ ಸೊಸೆ ಮಾತು ಬಿಟ್ಟರು. ಉಪ್ಪು ಎಲ್ಲಿದೆ ಎಂಬುದನ್ನೂ ಅರಿಹಂತನ ಮೂಲಕವೇ ಕೇಳಿದರು. ಬೇಸತ್ತ ಅವನು ಮೂರನೆಯ ದಿನ ಒಂದು ಉಪಾಯ ತಂದ. ತಾನು ಜಾಣ ಎಂದು ಅವನಿಗೆ ಮೊದಲಿನಿಂದಲೂ ನಂಬಿಕೆ.

"ಮಷೀನ್ ಹೋಗೂದಕ್ಕಿಂತ ಮೊದಲ, ಅದರ ಮುಂದ ಮುಂದ ಒಬ್ಬರು ಮೆತ್ತನ ಕಸಬರಗೀಲೆ ಇರುವಿ ಸರಿಸಿಕೊಂತ ಹೋದ್ರ ಆತಲ್ಲ? ಜೀವಕ್ಕೂ ಧಕ್ಕಿ ಇಲ್ಲ, ಬೆನ್ನಿಗೂ ಧಕ್ಕಿ ಇಲ್ಲ."

ಎಲ್ಲರಿಗೂ ಇದು ಸರಿಯೆನಿಸಿತು. ಎಷ್ಟು ಸರಿಯೆನಿಸಿತೆಂದರೆ, ಮುಂದೆ ಹೋಗುವವರು ಬಾಗಿಯೇ ಹೋಗಬೇಕಲ್ಲ ಎಂದು ನಾಲ್ಕು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ದಿನ ರಾಜಮತಿಯೇ ಮುಂದೆ ನಡೆದಳು. ಯಂತ್ರಕ್ಕೆ ತಾಳ್ಮೆಯಿಲ್ಲ. ಅವಳು ಒಂದು ಇರುವೆ ಸರಿಸುವುದರೊಳಗೆ ಅದು ಹಿಮ್ಮಡಿಗೆ ಬಂದು ಮುಟ್ಟುತ್ತಿತ್ತು. ಎಡಕ್ಕೆ ಹೋಗುತ್ತದೆಂದು ಎಡಕ್ಕೆ ಸರಿದರೆ ಬಲಕ್ಕೆ ಹೊರಳುತ್ತಿತ್ತು. ಅರ್ಧ ತಾಸಿಗೆ ಅವಳು ಸೊಂಟ ಹಿಡಿದು ಕಂಬಕ್ಕೆ ಒರಗಿದಳು. ಅದನ್ನು ಕಂಡ ಅರಿಹಂತ, "ತಾ ಇಲ್ಲಿ, ನಾ ಹೊಡೀತೇನಿ. ಇಷ್ಟಕ್ಕ ಏನಾತು" ಎಂದು ಕಸಬರಿಗೆ ಕಿತ್ತುಕೊಂಡ.

ಆ ಮನೆಯಲ್ಲಿ ಗಂಡಸಿನ ಕೈಗೆ ಕಸಬರಿಗೆ ಬಂದದ್ದು ಅದೇ ಮೊದಲು. ಅದೂ ಯಂತ್ರದ ಚಾಕರಿಗೆ. ಹೆಂಡತಿಗಾಗಿ ಕಸ ಹೊಡೆ ಎಂದಿದ್ದರೆ ಅವನು ಹೊಡೆಯುತ್ತಿದ್ದನೋ ಇಲ್ಲವೋ, ಇಪ್ಪತ್ತು ಸಾವಿರದ ಯಂತ್ರಕ್ಕಾಗಿ ಅಂಗಿಯ ತೋಳು ಮಡಿಚಿದ.

ಮೊದಮೊದಲು ಅವನ ಕೈ ಒರಟು. "ಹಗೂರಕ, ಹಗೂರಕ. ತುದೀಲೆ ಅಷ್ಟ ಮುಟ್ಟು" ಎಂದು ರಾಜಮತಿ ಹಿಂದಿನಿಂದ ಹೇಳುತ್ತಿದ್ದಳು. "ಮೊದಲ ಬೇವಿನ ಬುಡಕ್ಕ ಬೆಲ್ಲಾ ಹಾಕಿ ಬಂದ್ರ ನಿಮಗ ಅರ್ಧಾ ಕೆಲಸ ಕಡಿಮಿ ಆಗ್ತೈತ್ರಿ" ಎಂದು ದೀಪಾಲಿ ಬಾಗಿಲಿನಿಂದ ಹೇಳುತ್ತಿದ್ದಳು. ಹೀಗೆ ಅವನಿಗೆ ಕಲಿಸುತ್ತ ಅತ್ತೆ ಸೊಸೆಗೆ ಮತ್ತೆ ಮಾತು ಕೂಡಿತು. ಇರುವೆ ಸರಿಸಲು ಹೋದವನು ದಾರಿಯಲ್ಲಿ ಸಿಕ್ಕ ಬೆಲ್ಲದ ಚೂರು, ಕೂದಲು, ಕಾಗದ ಎಲ್ಲವನ್ನೂ ಸರಿಸಿಕೊಂಡೇ ಹೋಗುತ್ತಿದ್ದ. ಹೊಡೆಯುವ ಕೈಗೆ ಇದು ಇರುವೆ, ಇದು ಕಸ ಎಂಬ ಭೇದ ಎಷ್ಟು ಹೊತ್ತು ಇದ್ದೀತು?

ಪಕ್ಕದ ಮನೆಯ ಶಿವಗಂಗವ್ವ ಒಂದು ಬೆಳಿಗ್ಗೆ ಮೊಸರಿಗೆ ಹೆಪ್ಪು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುಂದೆ ಅರಿಹಂತ ಬಾಗಿಕೊಂಡು, ಹಿಂದೆ ಗುಂಯ್ ಎನ್ನುವ ಯಂತ್ರ, ಅದರ ಹಿಂದೆ ಕೈಕಟ್ಟಿ ರಾಜಮತಿ.

"ಏನ್ ರಾಜಮತಕ್ಕಾ, ಮಷೀನು ದೊಡ್ಡ ಮನಿತನದ್ದೇನ? ಅದು ಬರೂ ದಾರಿ ನೀವ ಕಸಾ ಹೊಡದ ಕೊಡ್ತೀರಲ್ಲ!"

"ನಮ್ಮದೇನೋ ಒಂದು ಪದ್ಧತಿ ಐತ್ರಿ" ಎಂದಳು ರಾಜಮತಿ ಬಿಗಿಯಾಗಿ. ಆದರೆ ಹೆಪ್ಪು ತರಲು ಒಳಗೆ ಹೋದಾಗ ಅವಳಿಗೂ ನಗು ತಡೆಯಲಾಗಲಿಲ್ಲ. ಅಲ್ಲಿ ದೀಪಾಲಿ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಎರಡನೆಯ ವಾರದ ಕೊನೆಗೆ ಅರಿಹಂತನ ಸೊಂಟ ಹಿಡಿಯಿತು. ಊಟಕ್ಕೆ ಕೂರುವಾಗ "ಅಬ್ಬಾ" ಎಂದ. ಚಪಾತಿ ಮುರಿಯುತ್ತ, ಯಾರನ್ನೂ ನೋಡದೆ, "ಇದನ್ನ ದಿನಾ ಹೆಂಗ ಮಾಡಿದ್ರಿ ನೀವು?" ಎಂದು ಕೇಳಿದ. ಅವ್ವನಿಗೆ ಕೇಳಿದನೋ ಹೆಂಡತಿಗೋ ತಿಳಿಯಲಿಲ್ಲ.

ಮೂರನೆಯ ವಾರ ದೀಪಾಲಿಯನ್ನು ಮತ್ತೆ ತೋರಿಸುವ ದಿನ ಬಂತು. ಅರಿಹಂತನಿಗೆ ಅಂಗಡಿಯಲ್ಲಿ ಲಾರಿ ತುಂಬಿಸುವುದಿತ್ತು. ರಾಜಮತಿಯೇ ಜೊತೆಗೆ ಹೊರಟಳು. ಗೋಕಾಕದ ದವಾಖಾನೆಯಲ್ಲಿ ಎರಡು ತಾಸು ಬೆಂಚಿನ ಮೇಲೆ ಕಾದರು. ಹೆಸರು ಕರೆದಾಗ ರಾಜಮತಿ ಮೊದಲು ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದು ಕೈ ಗೋಡೆಗೆ ಊರಿ, ಎರಡು ಕಂತಿನಲ್ಲಿ ಎದ್ದಳು. ಅವಳು ಯಾವಾಗಲೂ ಏಳುವುದು ಹಾಗೆಯೇ. ಮನೆಯಲ್ಲಿ ಯಾರಿಗೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಡಾಕ್ಟರರ ಕಣ್ಣಿಗೆ ಬಿತ್ತು. ದೀಪಾಲಿಯನ್ನು ನೋಡಿ, "ಸುಧಾರಿಸೈತಿ, ಇನ್ನೂ ಎರಡು ತಿಂಗಳು ಜ್ವಾಕಿ" ಎಂದವರು, ರಾಜಮತಿಯ ಕಡೆ ತಿರುಗಿದರು. "ಅಮ್ಮಾರ, ನಿಮಗೇನಾಗೈತಿ?"

"ನನಗೇನಿಲ್ರೀ. ನಾ ಇಕೀ ಜೋಡಿ ಬಂದೇನಿ."

"ಇರ್ಲಿ, ಒಂದು ಫೋಟೋ ತಗಿಸಿಕೊಂಡು ಬರ್ರಿ."

ಬೇಡ ಬೇಡವೆಂದರೂ ದೀಪಾಲಿ ಕೈ ಹಿಡಿದು ಕರೆದೊಯ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು. "ಬೆನ್ನೆಲಬಿನ ಈ ಮಣಕಾ ಕುಸದೈತಿ. ಇದು ಇವತ್ತ ನಿನ್ನೀದಲ್ಲ, ಭಾಳ ಹಳೇದು. ಯಾವಾಗ ಬಿದ್ದಿದ್ರಿ?"

ಯಾವಾಗ ಬಿದ್ದಿದ್ದಿರಿ ಎಂದು ಕೇಳಲು ಇಷ್ಟು ವರ್ಷದಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಗುರುತಿಲ್ಲದ ಡಾಕ್ಟರು ಕೇಳಿದ ಕೂಡಲೇ ಅವಳ ಕಣ್ಣು ತುಂಬಿತು.

"ಇಪ್ಪತ್ತೇಳು ವರ್ಷ ಆತ್ರಿ" ಎಂದಳು ಕೊನೆಗೆ.

"ಆವಾಗ ತೋರಿಸಿದ್ರ ಚೊಲೋ ಆಗ್ತಿತ್ತು. ಈಗ ಬೆಲ್ಟ್ ಹಾಕೋರಿ, ಬಾಗೂ ಕೆಲಸ ಮಾಡಬ್ಯಾಡ್ರಿ."

"ಬಾಗಿ ಬಾಗಿ ಮುಗದೈತಲ್ರಿ" ಎಂದಳು ರಾಜಮತಿ.

ಹೊತ್ತು ಮುಳುಗುವುದರೊಳಗೆ ಊರು ಮುಟ್ಟುವುದು ಆಗದ ಮಾತು. ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿದರು. ಚಪಾತಿ, ಹೆಸರುಕಾಳಿನ ಪಲ್ಯ, ಒಂದು ಚೂರು ಬೆಲ್ಲ. ದೀಪಾಲಿ ಒಂದೇ ಸಮನೆ ಅತ್ತೆಯ ಮುಖ ನೋಡುತ್ತಿದ್ದಳು.

"ಅತ್ತಿ, ಇಷ್ಟು ನೋವು ಇಟಗೊಂಡು ಇಪ್ಪತ್ತೈದು ವರ್ಷ ಕಸಾ ಹೊಡದೀರಿ. ಒಂದು ಮಾತು ಯಾಕ ಹೇಳಲಿಲ್ರಿ?"

"ಯಾರ ಮುಂದ ಹೇಳಲಿ? ಹೇಳಿದ್ರ ಕೇಳವ್ರು ಯಾರಿದ್ರು?" ರಾಜಮತಿ ಚಪಾತಿಯನ್ನು ಮುರಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. "ದೀಪಾ, ಖರೆ ಹೇಳ್ತೇನಿ. ಇರುವಿ ಮ್ಯಾಲ ನನಗ ಜೀವ ಐತಿ, ಅದು ಸುಳ್ಳಲ್ಲ. ಆದ್ರ ಅವತ್ತು ನಾ ಬ್ಯಾಡ ಅಂದದ್ದು ಇರುವಿ ಸಲುವಾಗಿ ಅಲ್ಲ. ನನಗ ಹೊಟ್ಟಿಕಿಚ್ಚಾತು. ನಿನ್ನ ಬೆನ್ನಿಗೆ ಹದಿನೈದು ದಿನದಾಗ ಮಷೀನ್ ಬಂತು. ನನ್ನ ಬೆನ್ನಿಗೆ ಏನೂ ಬರಲಿಲ್ಲ."

ದೀಪಾಲಿ ಅತ್ತೆಯ ಕೈಯಲ್ಲಿ ಉಳಿದಿದ್ದ ತುತ್ತಿಗೆ ಪಲ್ಯ ಹಚ್ಚಿ ಕೊಟ್ಟಳು. "ಉಣ್ರಿ, ಹೊತ್ತ ಮುಳಗಾಕತ್ತೈತಿ" ಅಂದಳು. ರಾಜಮತಿ ಉಂಡಳು. ಇಷ್ಟು ದಿನ ಇರುವೆಯ ಹೆಸರಿನ ಮರೆಯಲ್ಲಿ ನಿಂತಿದ್ದವಳಿಗೆ ಈಗ ಮರೆ ಇಲ್ಲದಿದ್ದರೂ ನಾಚಿಕೆಯಾಗಲಿಲ್ಲ, ಹಗುರವಾಯಿತು.

ಮರುದಿನ ಬೆಳಿಗ್ಗೆ ಜಯಪಾಲರು ಕುರ್ಚಿಗೆ ಬಂದಾಗ ಪೇಪರಿನ ಜಾಗದಲ್ಲಿ ಎಕ್ಸ್‌ರೇ ಇತ್ತು.

"ಇದು ಯಾರದು? ನಿಂದೇನವಾ?" ಎಂದು ಸೊಸೆಯನ್ನು ಕೇಳಿದರು.

"ಅತ್ತೀದ್ರಿ. ಇಪ್ಪತ್ತೇಳು ವರ್ಷದ ಹಳೇ ಪೆಟ್ಟಂತ. ಡಾಕ್ಟ್ರು ಹೇಳಿದ್ರು."

ಜಯಪಾಲರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆಲ್ಲದ ಪೆಂಟೆಯನ್ನು ಬೆರಳಿನಿಂದ ಮುಟ್ಟಿಯೇ ಒಳಗಿನ ಗುಣ ಹೇಳುವ ಮನುಷ್ಯ, ಹೆಂಡತಿಯ ಬೆನ್ನಿನೊಳಗನ್ನು ನೋಡಿದ್ದು ಅಂದೇ ಮೊದಲು. ಅಂದು ಪೇಪರ್ ಓದದೆ ಅಂಗಡಿಗೆ ಹೋದರು. ಸಂಜೆ ಬರುವಾಗ ಕೈಯಲ್ಲಿ ಬೆನ್ನಿಗೆ ಕಟ್ಟುವ ಬೆಲ್ಟ್ ಇತ್ತು. "ಅಳತಿ ಗೊತ್ತಿದ್ದಿಲ್ಲ. ಅಂದಾಜಲೆ ತಂದೇನಿ" ಎಂದು ರಾಜಮತಿಯ ಹತ್ತಿರ ಇಟ್ಟರು. ಅದು ದೊಡ್ಡದಾಯಿತು. ರಾಜಮತಿ ಎರಡು ಹೊಲಿಗೆ ಹಾಕಿ ಕಟ್ಟಿಕೊಂಡಳು.

ತಿಂಗಳು ತುಂಬಿತು. ಶುಭಮ್ ಫೋನ್ ಮಾಡಿ, ಇಟ್ಟುಕೊಳ್ಳುತ್ತೀರೋ ಕೊಡುತ್ತೀರೋ ಎಂದು ಕೇಳಿದ. ಭಾನುವಾರ ಬೆಳಿಗ್ಗೆಯ ತಿಂಡಿಗೆ ಎಲ್ಲರೂ ಕೂತಾಗ ಮಾತು ಬಂತು.

"ತಗೊಂಡ ಬಿಡ್ರಿ" ಎಂದರು ಜಯಪಾಲರು. "ರೊಕ್ಕದ ಮಾತು ಇನ್ನ ನಾ ತಗಿಯಂಗಿಲ್ಲ. ಇಬ್ಬರ ಬೆನ್ನೂ ಹೋಗ್ಯಾವು."

"ನೀ ಏನಂತೀ ಅವ್ವಾ?"

"ನಂದೇನೂ ಬ್ಯಾಡಿಲ್ಲ" ಎಂದಳು ರಾಜಮತಿ. "ಮುಂದ ಮುಂದ ನೀ ಇರುವಿ ಸರಿಸಿಕೊಂತ ಹೋದ್ರ ಆತು. ದೀಪಾ ಹೇಳಲಿ."

ದೀಪಾಲಿ ತಾಟು ಸರಿಸಿದಳು. ಆಗಷ್ಟೇ ಮನೆಯೆಲ್ಲ ಸುತ್ತಿ ಬಂದು ಮೂಲೆಯಲ್ಲಿ ನಿಂತಿದ್ದ ಯಂತ್ರವನ್ನು ತೋರಿಸಿ, "ಅದರ ಡಬ್ಬಿ ತಗದ ತರ್ರಿ" ಎಂದು ಗಂಡನಿಗೆ ಹೇಳಿದಳು. ಅರಿಹಂತ ತಂದು ನಡುವೆ ಇಟ್ಟ. ಎಲ್ಲರೂ ಇಣುಕಿ ನೋಡಿದರು. ಒಳಗೆ ಎರಡು ಕೂದಲು, ಒಂದು ಚಿಟಿಕೆಗೂ ಬಾರದಷ್ಟು ಧೂಳು.

"ನಿನ್ನೀದೂ ಹಿಂಗ ಇತ್ತು. ಮೊನ್ನೀದೂ ಹಿಂಗ" ಎಂದಳು ದೀಪಾಲಿ. "ಮೊದಲಿನ ದಿನ ಅಷ್ಟ ತುಂಬಿತ್ತು. ಅದರ ಮುಂದ ನೀವು ಕಸಬರಗಿ ಹಿಡದ ಮ್ಯಾಲ ಅದಕ್ಕ ಸಿಗಾಕ ಕಸಾನ ಉಳದಿಲ್ರಿ."

ಅರಿಹಂತ ಡಬ್ಬಿಯನ್ನು ಅಲ್ಲಾಡಿಸಿದ, ಮಗುಚಿ ತಟ್ಟಿದ. ಎರಡು ಕೂದಲು ನೆಲಕ್ಕೆ ಬಿದ್ದವು.

"ಹಂಗಾದ್ರ... ಇಷ್ಟು ದಿನ ಮನಿ ಕಸಾ..."

"ನೀವ ಹೊಡದೀರಿ."

ಜಯಪಾಲರಿಗೆ ನಗು ಬಂತು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅರಿಹಂತನ ಮುಖ ಕೆಂಪಾಯಿತು. "ಮಷೀನ್ ಸಲುವಾಗಿ ಹೊಡದ್ನೆಪಾ ನಾ! ಈಗ ಅದನ್ನ ವಾಪಸ್ ಕೊಟ್ರ ನಾಳಿಂದ ಯಾರು ಹೊಡೀತಾರ?"

ದೀಪಾಲಿ ಅವನನ್ನು ನೋಡಿದಳು. ಜಯಪಾಲರು ಅವನನ್ನು ನೋಡಿದರು. ರಾಜಮತಿ ತಾಟಿನಿಂದ ಕೈ ತೆಗೆದು, ಮಗನನ್ನು ನೆಟ್ಟಗೆ ನೋಡಿ ಹೇಳಿದಳು:

"ಹಿಂದ ಮಷೀನ್ ಬರಾಕತ್ತೈತಿ ಅಂತ ತಿಳಕೊಂಡು ಹೊಡಿ."

ಅಂದು ಮಧ್ಯಾಹ್ನ ಯಂತ್ರ ಬಂದ ಹಾಗೆಯೇ ಬೈಕಿನ ಹಿಂದೆ ಕೂತು ಯಮಕನಮರಡಿಗೆ ಹೋಯಿತು. ಅರಿಹಂತ ಅದನ್ನು ಬೇಕೆಂದೇ ಬಿಗಿಯಾಗಿ ಕಟ್ಟಿದ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ಹೇಳಲಾಗುತ್ತಿರಲಿಲ್ಲ. ನಾಳೆ ಅವನು ಮೇಲಿನ ಕೋಣೆಯಲ್ಲಿ ಮಲಗಿಕೊಂಡೇ ಉಳಿದರೆ ಕಸಬರಿಗೆ ಮತ್ತೆ ತನ್ನ ಕೈಗೇ ಎಂಬುದು ರಾಜಮತಿಗೆ ಗೊತ್ತಿತ್ತು. ಹೇಳುವುದನ್ನು ಹೇಳಿಯಾಗಿತ್ತು, ಇನ್ನೊಮ್ಮೆ ಹೇಳುವುದಿಲ್ಲ ಎಂದು ನಿರ್ಧರಿಸಿದಳು.

ಮರುದಿನ ಬಿಸಿಲು ಪಡಸಾಲೆಗೆ ಇಳಿದಾಗ ಜಯಪಾಲರು ಕುರ್ಚಿಯಲ್ಲಿ ಪೇಪರ್ ಬಿಚ್ಚಿದ್ದರು. ದೀಪಾಲಿ ಅಡಿಗೆಮನೆಯಲ್ಲಿ ಶಾಲೆಗೆ ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು. ರಾಜಮತಿ ಕಂಬದ ಹತ್ತಿರ ನಿಂತು ಮೆಟ್ಟಿಲ ಕಡೆ ನೋಡಿದಳು, ಮೂಲೆಯ ಕಸಬರಿಗೆಯನ್ನು ನೋಡಿದಳು. ಕೈ ಬೆನ್ನಿನ ಬೆಲ್ಟಿಗೆ ಹೋಯಿತು. ಅಷ್ಟರಲ್ಲಿ ಹಿತ್ತಲ ಬಾಗಿಲ ಸಪ್ಪಳವಾಯಿತು. ಅರಿಹಂತ ಬೇವಿನ ಬುಡದಿಂದ ಒಳಗೆ ಬಂದ. ಬೆರಳಿಗೆ ಹಿಟ್ಟು ಅಂಟಿತ್ತು. ಕಸಬರಿಗೆ ತೆಗೆದುಕೊಂಡು ಕೋಣೆಯಿಂದ ಶುರು ಮಾಡಿದ.

ಅವನು ಪಡಸಾಲೆಗೆ ಬಂದಾಗ ಜಯಪಾಲರು ಪೇಪರ್ ಮಡಿಚಿದರು. ಕಾಲು ಎತ್ತಲಿಲ್ಲ. ಎದ್ದೇ ನಿಂತರು. ಕ್ಷಣ ಹೊತ್ತು ಏನು ಮಾಡಬೇಕೆಂದು ತಿಳಿಯದವರ ಹಾಗೆ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದು, ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಬಾ, ಇಲ್ಲಿ ಕೂಡು."

"ನಾ ಯಾಕ್ರಿ?"

"ಕೂಡಂದ್ರ ಕೂಡು."

ಬೆಳಗಿನ ಹೊತ್ತು ಆ ಕುರ್ಚಿಯಲ್ಲಿ ರಾಜಮತಿ ಎಂದೂ ಕೂತವಳಲ್ಲ. ಕೂತಳು. ಅಲ್ಲಿಂದ ಪಡಸಾಲೆ ಬೇರೆಯೇ ಕಂಡಿತು, ಬಹಳ ದೊಡ್ಡದಾಗಿ ಕಂಡಿತು. ಕಸಬರಿಗೆ ಹತ್ತಿರ ಬಂತು. ಅರಿಹಂತ ಬಾಗಿದಲ್ಲಿಂದಲೇ, ತಲೆ ಎತ್ತದೆ ಹೇಳಿದ.

"ಅವ್ವಾ, ಕಾಲ ಎತ್ತು."

ಎತ್ತುವಾಗ ಬೆನ್ನಿನಲ್ಲಿ ಹಳೆಯ ಜಾಗ ಚುಳಕ್ಕೆಂದಿತು. ಆದರೂ ರಾಜಮತಿ ಎರಡೂ ಕಾಲು ಎತ್ತಿದಳು, ಕುರ್ಚಿಯ ಕೆಳಗಿದ್ದ ಇರುವೆಗಳನ್ನು ಮಗ ಒಂದೊಂದಾಗಿ ಗೋಡೆಗೆ ಸರಿಸಿ ಮುಗಿಸುವ ತನಕ ಹಾಗೆಯೇ ಎತ್ತಿ ಹಿಡಿದುಕೊಂಡಿದ್ದಳು.